ಕುಡಿಯೂದು ಬಿಟ್ಟ ಮೂರು ದಿನ

ನನ್ನ ತಮ್ಮ ಕುಡದು ಸತ್ತ ಅಂತ ಊರಾಗ ಎಲ್ಲಾರೂ ಹೇಳ್ತಾರ. ಸುಳ್ಳದು. ಅಂವ ಕುಡಿಯೂದು ಬಿಟ್ಟು ಸತ್ತ. ಬಿಡಿಸಿದಾಕಿ ನಾನು. ಈ ಮಾತು ಎರಡು ವರ್ಷ ನನ್ನ ಹೊಟ್ಟ್ಯಾಗ ಇತ್ತು, ಯಾರ ಮುಂದೂ ಬಾಯಿ ಬಿಡಲಿಲ್ಲ. ಕಡೀಕೆ ಬಿಟ್ಟಿದ್ದು ಬಾಗಲಕೋಟ್ಯಾಗ, ಗುರುತು ಪರಿಚಯ ಇಲ್ಲದ ಮಂದಿ ತುಂಬಿದ ಒಂದು ಸರಕಾರಿ ಮೀಟಿಂಗಿನಾಗ, ಕೈಯಾಗ ಮೈಕ್ ಹಿಡಕೊಂಡು.

ನಾ ಕುಳಗೇರಿ ಕ್ರಾಸಿನಿಂದ ಒಳಗಿರೂ ಒಂದು ಹಳ್ಳ್ಯಾಗ ಕನ್ನಡ ಸಾಲಿ ಟೀಚರ್. ಅವ್ವ ತೀರಿಕೊಂಡಾಗ ತಮ್ಮಗ ಇನ್ನೂ ಹಾಲ ಹಲ್ಲು ಬಿದ್ದಿದ್ದಿಲ್ಲ. ಉಣಿಸಿದಾಕಿ ನಾನ, ತೊಳದಾಕಿ ನಾನ, ಹೊಡದಾಕೀನೂ ನಾನ. ಮದಿವಿ ಯಾಕ ಆಗಲಿಲ್ಲ ಅಂತ ಕೇಳಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಕಾರಣ ಹೇಳೇನಿ, ಯಾವುದೂ ಖರೆ ಅಲ್ಲ. ಅವನ್ನ ಬಿಟ್ಟು ಹೋಗಾಕ ಮನಸ್ಸಾಗಲಿಲ್ಲ, ಅಷ್ಟ. ಎರಡಕ್ಷರ ಕಲೀಲಿ ಅಂತ ನನ್ನ ಸಾಲ್ಯಾಗ ಕುಂದರಿಸಿದ್ರ ಕಿಡಕಿಯಿಂದ ಜಿಗದು ಕುರಿ ಹಿಂದ ಓಡತಿದ್ದ. ನಮ್ಮದು ಬೀರಪ್ಪನ ಒಕ್ಕಲು, ಕುರಿ ಅಂದ್ರ ಅವಂಗ ಜೀವ. ಟೀಚರ್ ತಮ್ಮ ದಡ್ಡ ಉಳದ ಅಂತ ಮಂದಿ ನಕ್ರು. ನಾ ಮಂದಿ ಮ್ಯಾಲಿನ ಸಿಟ್ಟೆಲ್ಲಾ ಅವನ ಮ್ಯಾಲೆ ತೀರಿಸಿಕೊಂಡೆ.

ದೊಡ್ಡಾವ ಆದ ಮ್ಯಾಲೆ ತುಪ್ಪಟ ಕತ್ತರಸೂ ಕೆಲಸಕ್ಕ ನಿಂತ. ಕುರಿ ಮೈಮ್ಯಾಲಿನ ತುಪ್ಪಟಾನ ದೊಡ್ಡ ಕತ್ತರಿಲೆ ತೊಗಲಿಗೆ ತಾಕದಂಗ ತಗೀಬೇಕು. ಬಾದಾಮಿಯಿಂದ ಹುನಗುಂದದ ತನಕ ಯಾವ ಊರಾಗ ಹಿಂಡು ಇದ್ರೂ ಇವನ್ನ ಕರಸತಿದ್ರು. ಒಮ್ಮೆ ನೋಡಾಕ ಹೋಗಿದ್ದೆ. ಕುರಿ ಇವನ ಮೊಣಕಾಲಿನ ನಡುವ ಸುಮ್ಮನ ಮಲಗಿತ್ತು, ತುಪ್ಪಟ ಪೂರಾ ಒಂದ ಕಂಬಳಿ ಹಂಗ ಬಿಚ್ಚಿ ಬಂತು, ಮೈಮ್ಯಾಲೆ ಒಂದು ಗೀರಿಲ್ಲ. ಎಲಾ ಇವನ, ಇಂವಗ ಖರೇನ ಏನೋ ಬರತೈತಿ ಅಂತ ಆವತ್ತು ಮೊದಲ ಸಲ ಅನಿಸಿತು. ಅವನ ಮುಂದ ಮಾತ್ರ ಹೇಳಲಿಲ್ಲ. ಹೇಳಬೇಕಿತ್ತು.

ಕುಡಿಯೂದು ಮೊದಲ ಸಂಜಿಗಿತ್ತು, ಆಮ್ಯಾಲೆ ಮಧ್ಯಾಹ್ನಕ್ಕೂ ಬಂತು, ಕಡೀಕೆ ಮುಂಜಾನೆದ್ದು ಮಾರಿ ತೊಳಿಯೂಕಿಂತ ಮೊದಲ ಬೇಕಾತು. ಕ್ರಾಸಿನ ಅಂಗಡ್ಯಾಗ ಸಣ್ಣ ಪ್ಯಾಕೆಟ್ ಸಿಗತಾವ, ಅಂಗೈಯಾಗ ಹಿಡಿಸೂವಷ್ಟು. ಮೂಲಿ ಹಲ್ಲಿಲೆ ಕಡದು, ಹೀರಿ, ಒಗದ್ರ ಮುಗೀತು. ಅದು ಇಲ್ಲಂದ್ರ ಮುಂಜಾನೆ ಕೈ ನಡಗತಿದ್ವು, ಚಾದ ಕಪ್ ಹಿಡಿಯಾಕೂ ಬರತಿದ್ದಿಲ್ಲ. ಕುಡದ ಅರ್ಧ ತಾಸಿಗೆ ಕೈ ನಿಲ್ಲತಿದ್ವು, ಕತ್ತರಿ ಹಿಡೀತಿದ್ದ. "ಅಕ್ಕಾ, ಕೈ ನಿಲ್ಲಲಿ ಅಂತ ಒಂದ ಪ್ಯಾಕೆಟ್, ಮತ್ತೇನಿಲ್ಲ" ಅಂತಿದ್ದ. ಕುಡುಕರ ನೆಪ ಇದು ಅಂದುಕೊಂಡೆ ನಾ. ಕುಡುಕರು ಖರೆ ಹೇಳ್ತಾರ ಅಂತ ನಂಗ್ಯಾರೂ ಕಲಿಸಿದ್ದಿಲ್ಲ.

ಅವನ ಹೆಂಡತಿ ಇಳಕಲ್ ಕಡಿಯಾಕಿ. ಅಲ್ಲೆ ನೇಕಾರರ ಮನ್ಯಾಗ ಸೀರಿಗೆ ಕುಚ್ಚು ಕಟ್ಟಾಕ ಕಲತು ಬಂದಾಕಿ, ಇಲ್ಲೂ ಅದನ್ನ ಮಾಡ್ಕೋತ ಮನಿ ನಡಸತಿದ್ಲು. ಸಣ್ಣ ದನಿ, ಮಾತು ಕಮ್ಮಿ. ಮಕ್ಕಳಾಗಲಿಲ್ಲ. ನಾ ಹಾಕಿದ ಗೆರಿ ದಾಟತಿದ್ದಿಲ್ಲ. ನನ್ನ ಹತ್ರ ಬಂದು ಕುಂತು ಕಣ್ಣೀರು ಹಾಕತಿದ್ಲು. "ಅಕ್ಕಾರ, ನೀವು ಹೇಳಿದ್ರ ಕೇಳ್ತಾರ. ನೀವ ಏನರ ಮಾಡ್ರಿ" ಅಂತಿದ್ಲು. ನಾ ಮಾಡಿದೆ.

ಎರಡು ವರ್ಷದ ಹಿಂದ ಪೇಪರಿನಾಗ ಒಂದು ಸುದ್ದಿ ಬಂತು. ಸಣ್ಣ ಪ್ಯಾಕೆಟ್ಟಿನಾಗ ದಾರೂ ಮಾರೂದು ಬಂದ್ ಮಾಡಬೇಕು, ಹಳ್ಳ್ಯಾಗ ಅಂಗಡಿ ತಗೀಬೇಕಂದ್ರ ಊರ ಹೆಣ್ಣುಮಕ್ಕಳ ಒಪ್ಪಿಗಿ ಇರಬೇಕು ಅಂತ ಸರಕಾರ ಕರಡು ನಿಯಮ ಮಾಡೇತಿ, ಸಲಹೆ, ಆಕ್ಷೇಪಣೆ ಇದ್ದವರು ಬರದು ಕಳಸ್ರಿ ಅಂತ. ಹೆಣ್ಣುಮಕ್ಕಳೆಲ್ಲಾ ಆ ಪೇಪರ್ ಹಿಡಕೊಂಡು ಸಾಲಿಗೇ ಬಂದ್ರು. ನಾ ನನ್ನ ದುಂಡಕ್ಷರದಾಗ ಎರಡು ಹಾಳಿ ಅರ್ಜಿ ಬರದೆ, ಲಗೂನ ಈ ಕಾನೂನು ತರ್ರಿ ಅಂತ. ಸಹಿ ಬಂದವರು ಸಹಿ ಹಾಕಿದ್ರು, ಬರದವರು ಹೆಬ್ಬಟ್ಟು ಒತ್ತಿದ್ರು. ತಮ್ಮನ ಹೆಂಡತಿನೂ ಹೆಸರು ಬರದ್ಲು, ನನಗ ಕೇಳಿ ಕೇಳಿ, ಒಂದೊಂದ ಅಕ್ಷರ. ಕ್ರಾಸಿನ ದಾರೂ ಅಂಗಡಿಯಾತಗ ಸುದ್ದಿ ಮುಟ್ಟಿತ್ತು. ಬಸ್‌ಸ್ಟ್ಯಾಂಡಿನಾಗ ಸಿಕ್ಕು, "ಪ್ಯಾಕೆಟ್ ಬಂದಾದ್ರ ಬಾಟ್ಲಿ ಒಯ್ತಾರ್ರಿ ಟೀಚರ್, ನಂಗ ಲಾಭಾನ" ಅಂತ ಹಲ್ಲು ಕಿಸದ. "ಆ ಬಾಟ್ಲಿ ತಲಿಮ್ಯಾಲಿಟ್ಟು ಕುಣಿ ಹೋಗು" ಅಂದೆ.

ಆವತ್ತ ಸಂಜಿಗೆ ತಮ್ಮನ್ನ ಕುಂದರಿಸಿ ಆ ಸುದ್ದಿ ಓದಿ ಹೇಳಿದೆ. ಕರಡು ಅನ್ನೂ ಶಬ್ದ ಬಿಟ್ಟು ಓದಿದೆ. ಬೇಕಂತನ ಬಿಟ್ಟೆ. ಮುಂದಿನ ತಿಂಗಳಿಂದ ಪ್ಯಾಕೆಟ್ ಸಿಗೂದಿಲ್ಲ, ಕಾನೂನು ಆಗೇತಿ ಅಂತ ಹೇಳಿದೆ. ಅವಂಗ ಓದಾಕ ಬರತಿದ್ದಿಲ್ಲ, ಅಕ್ಕ ಸುಳ್ಳು ಹೇಳ್ತಾಳ ಅಂತ ಕನಸಿನಾಗೂ ಅಂದುಕೊಳ್ಳಾವಲ್ಲ. ಮಾರಿ ಬಿಳಚಿತು.

"ಹಂಗಾರ ನಾ ಏನ್ ಮಾಡ್ಲಿ ಅಕ್ಕಾ? ಕತ್ತರಿ ಹೆಂಗ ಹಿಡೀಲಿ?"

"ಸರಕಾರ ಬಿಡಿಸೂಕಿಂತ ಮೊದಲ ನೀನ ಬಿಡು. ಗಂಡಸ ಹೌದಿಲ್ಲೋ?"

"ಆತು, ಭಂಡಾರ ಮುಟ್ಟತೇನಿ" ಅಂದ.

ನಮ್ಮಲ್ಲಿ ಬೀರಪ್ಪನ ಗುಡ್ಯಾಗ ಭಂಡಾರ, ಅಂದ್ರ ದೇವರ ಅರಿಷಿಣಪುಡಿ, ಮುಟ್ಟಿ ಆಣಿ ಮಾಡಿದ್ರ ಮುರಿಯೂ ಹಂಗಿಲ್ಲ. ಅದಕ್ಕ ಶಾಣ್ಯಾ ಮಂದಿ ಮುಂದಿನ ಅಮಾಸಿ ತನಕ, ಬರೂ ಹಬ್ಬದ ತನಕ ಅಂತ ಒಂದು ಗಡುವು ಇಟಗೊಂಡು ಆಣಿ ಮಾಡ್ತಾರ. ಮುಪ್ಪಿನ ಪೂಜಾರಿನೂ ಅದನ್ನ ಹೇಳಿದ. "ದಿನಾ ಒಂದಿಷ್ಟು ಕಮ್ಮಿ ಮಾಡ್ಕೋತ ಬರಲಿ ತಂಗಿ. ಅಮಾಸಿಗೆ ಪೂರಾ ಬಿಡಲಿ. ನಾ ಇಂಥವು ಭಾಳ ನೋಡೇನಿ" ಅಂದ. ನಾ ಕೇಳಲಿಲ್ಲ. ಇವತ್ತ ಅಂದ್ರ ಇವತ್ತ, ಜೀವ ಇರೂತನಕ ಅಂದೆ. ತಮ್ಮ ನನ್ನ ಮಾರಿ ನೋಡ್ಕೋತ ಭಂಡಾರ ಮುಟ್ಟಿದ. ಅಷ್ಟಕ್ಕ ಬಿಡದ ಅವನ ಹೆಂಡತಿ ಕೈನೂ ಹಿಡದು ಮುಟ್ಟಿಸಿದೆ, ಅಂವ ಕಾಲಿಗೆ ಬಿದ್ರೂ ಒಂದು ಹನಿ ಕೊಡೂದಿಲ್ಲ ಅಂತ.

ಮೊದಲನೇ ದಿನ ಸಾಲಿಗೆ ರಜಾ ಹಾಕಿ ಅವರ ಮನ್ಯಾಗ ಕುಂತೆ. ಅಂವ ಮುಂಜಾನಿಂದ ಬೆವತ, ಬೆವತ ನಡಗಿದ. ರೊಟ್ಟಿ ಮುರದು ಬಾಯಿಗೆ ಒಯ್ಯಾಕ ಆಗಲಿಲ್ಲ, ನಾ ಉಣಿಸಿದೆ. "ಅಕ್ಕಾ, ಮತ್ತ ಸಣ್ಣಾವ ಮಾಡಿಬಿಟ್ಟಿ ನನ್ನ" ಅಂತ ನಕ್ಕ. "ದೊಡ್ಡಾವ ಯಾವಾಗ ಆಗಿದ್ದಿ?" ಅಂದೆ. ಅಂವ ಎರಡೂ ಕೈ ನನ್ನ ಕೈಯಾಗ ಕೊಟ್ಟು ಗಟ್ಟಿ ಹಿಡಕೋ ಅಂದ. ಹಿಡಕೊಂಡೆ. ಹಿಡದ ನನ್ನ ಕೈನೂ ಅಳ್ಳಾಡಿದ್ವು. ನಾಳಿಗೆ ಕಮ್ಮಿ ಆಗತೈತಿ, ನಾಡಿದ್ದಿಗೆ ಪೂರಾ ಹೋಗತೈತಿ ಅಂತ ಹೇಳಿದೆ. ನನಗ ಎಷ್ಟು ಖುಷಿ ಆಗಿತ್ತಂದ್ರ, ಇಷ್ಟು ವರ್ಷದ ನನ್ನ ಕೆಲಸ ಅವತ್ತು ಮುಗೀತು ಅನಿಸಿತ್ತು.

ಎರಡನೇ ದಿನ ನಿದ್ದಿ ಇಲ್ಲದ ಕಣ್ಣು ಕೆಂಪಾಗಿದ್ವು. ಬಿಸಿಲೇರಿದಂಗ ಏನೇನೋ ಮಾತಾಡಾಕ ಹತ್ತಿದ. ಅಂಗಳದಾಗ ಕುರಿ ತುಂಬ್ಯಾವ ಅಂದ. ಮಳಿ ಬರೂಕಿಂತ ಮೊದಲ ಇಷ್ಟೂ ಕತ್ತರಿಸಬೇಕು, ಹಿಡಕೊಡ್ರಿ ಅಂದ. ಅಂಗಳದಾಗ ಒಂದು ಕೋಳಿ ಸೈತ ಇದ್ದಿದ್ದಿಲ್ಲ. ಬೆರಳು ಗಾಳ್ಯಾಗ ಕತ್ತರಿ ಆಡಿಸತಿದ್ವು. ಆಮ್ಯಾಲೆ ಒಮ್ಮೆಲೇ ಎದ್ದು ನಿಂತ, ಮೈ ಪೂರಾ ಥರಥರ ನಡಗತಿತ್ತು, ದನಿ ಬ್ಯಾರೇನ ಆಗಿತ್ತು. ಬಾಜೂ ಮನಿ ಮುದುಕಿ ಬಂದು ನೋಡಿ ಎರಡೂ ಕೈ ಜೋಡಿಸಿದ್ಲು. "ಮೈಯಾಗ ಬಂದೈತಿ. ಇವರ ಮುತ್ಯಾಗ ಬರತಿತ್ತು ನೋಡ್ರಿ, ಹಂಗ" ಅಂದ್ಲು.

ನಮ್ಮ ಮುತ್ಯಾನ ಮೈಯಾಗ ಬೀರಪ್ಪ ಬರತಿದ್ದ. ಅಂವ ಹೋದ ಮ್ಯಾಲೆ ನಮ್ಮ ಮನ್ಯಾಗ ಯಾರಿಗೂ ಬಂದಿದ್ದಿಲ್ಲ. ಕುಡೀದ ಎರಡು ದಿನ ಶುದ್ಧ ಇದ್ದುದಕ್ಕ ದೇವರು ಮೆಚ್ಚಿ ಬಂದ ಅಂತ ಮಂದಿ ಆಡಿಕೊಂಡ್ರು. ನಾ ಸಾಲಿ ಕಲಸಾಕಿ. ಮಕ್ಕಳಿಗೆ ವಿಜ್ಞಾನ ಹೇಳಾಕಿ. ನನಗ ಅನುಮಾನ ಬರಬೇಕಿತ್ತು. ಬರಲಿಲ್ಲ, ಯಾಕಂದ್ರ ನನಗ ಅದು ಬೇಕಾಗಿತ್ತು. ಜೀವನಪೂರ್ತಿ ದಡ್ಡ, ಕುಡುಕ ಅನಿಸಿಕೊಂಡ ನನ್ನ ತಮ್ಮನ ಮುಂದ ಇಡೀ ಓಣಿ ಕೈ ಮುಗದು ನಿಂತಿತ್ತು. ಯಾರೋ ಡೊಳ್ಳು ತಂದು ಬಾರಿಸಿದ್ರು. ಹೆಂಗಸರು ಅವನ ಕಾಲಿಗೆ ನೀರು ಹಾಕಿದ್ರು. ನಾನೂ ಬಗ್ಗಿ ಕಾಲು ಮುಟ್ಟಿದೆ. ಆ ಕಾಲು ಸುಡತಿದ್ವು, ಅದು ಕೈಗೆ ತಿಳೀತು, ತಲಿಗೆ ತಿಳೀಲಿಲ್ಲ.

ಪೂಜಾರಿಗೆ ಹೇಳಿ ಕಳಿಸಿದ್ರು. ಮುದುಕ ಬಂದ, ಅವನ ಹಣಿಗೆ ಭಂಡಾರ ಹಚ್ಚಿದ, ರೆಪ್ಪಿ ಎತ್ತಿ ಕಣ್ಣು ನೋಡಿದ, ಡೊಳ್ಳು ನಿಲ್ಲಸ್ರಿ ಅಂದ. ನನ್ನ ಮಗ್ಗಲಿಗೆ ಬಂದು ಸಣ್ಣ ದನಿಯಾಗ, "ತಂಗಿ, ಇದು ದೇವರು ಅಂತ ನನಗ ಅನಿಸವಲ್ಲದು. ದೇವರು ಬಂದ್ರ ತಾಸಿನಾಗ ಇಳೀತಾನ, ಹಿಂಗ ಸುಡೂದಿಲ್ಲ. ದವಾಖಾನಿಗೆ ಒಯ್ಯಿರಿ" ಅಂದ. ನಮ್ಮ ಮನಿಗೆ ಬಂದ ದೊಡ್ಡಸ್ತಿಕಿ ನೋಡಿ ಇವಂಗ ಹೊಟ್ಟಿಕಿಚ್ಚು ಅಂತ ತಿಳಕೊಂಡೆ ನಾ. "ನಿಮಗ ನಂಬಿಕಿ ಇಲ್ಲಂದ್ರ ಹೋಗ್ರಿ" ಅಂದೆ, ಸಾಲಿ ಹುಡುಗರಿಗೆ ಗದರಿಸಿದಂಗ. ಮುದುಕ ಕೋಲು ಊರಿಕೋತ ಹೋದ.

ಅಂವ ಹೋದ ಮ್ಯಾಲೆ ತಮ್ಮಗ ಒಂದೀಟು ಎಚ್ಚರ ಬಂತು. ಹೆಂಡತಿ ಕೈ ಹಿಡಕೊಂಡು, ಎಂದಿನ ತನ್ನ ದನಿಯಾಗ, "ಒಂದ. ಒಂದ ಕೊಡು, ಸಾಯಾಕತ್ತೇನಿ" ಅಂದ. ಆಕಿ ನನ್ನ ಕಡೆ ನೋಡಿದ್ಲು. ನಾ ಬ್ಯಾಡಂತ ತಲಿ ಅಳ್ಳಾಡಿಸಿದೆ. ಆಣಿ ಮುರದ್ರ ಬಂದ ದೇವರು ಹೋಗತಾನ ಅಂತ ನನ್ನ ಚಿಂತಿ.

ಮೂರನೇ ದಿನ ಮುಂಜಾನೆ ಅವಂಗ ಫಿಟ್ಸ್ ಬಂತು. ಹಲ್ಲು ಕಚ್ಚಿತು, ಬಾಯಾಗ ನೊರಿ ಬಂತು. ಟಂಟಂ ಆಟೋದಾಗ ಹಾಕ್ಕೊಂಡು ಕ್ರಾಸಿಗೆ ಬಂದು, ಅಲ್ಲಿಂದ ಜೀಪು ಮಾಡಿ ಬಾಗಲಕೋಟಿ ದವಾಖಾನಿಗೆ ಒಯ್ದೆವು. ದಾರ್ಯಾಗ ಮತ್ತ ಎರಡು ಸಲ ಬಂತು. ಅವನ ತಲಿ ನನ್ನ ತೊಡಿಮ್ಯಾಲಿತ್ತು. ಡಾಕ್ಟರು ಒಬ್ಬಾಕಿ ಸಣ್ಣ ವಯಸ್ಸಿನ ಹುಡುಗಿ, ದಕ್ಷಿಣದ ಕಡಿಯಾಕಿ. ಕುಡಿತಾರಾ ಅಂತ ಕೇಳಿದ್ಲು. "ಬಿಟ್ಟು ಮೂರು ದಿನ ಆತು" ಅಂದೆ. ಆ ಹೊತ್ತಿನಾಗೂ ನನ್ನ ದನಿಯಾಗ ಹೆಮ್ಮಿ ಇತ್ತು, ಅದು ನೆನಪಾದ್ರ ಈಗೂ ಮೈಮ್ಯಾಲೆ ಮುಳ್ಳು ಬರತಾವ.

ಮಧ್ಯಾಹ್ನದ ಊಟದ ಹೊತ್ತಿಗೆ ಅಂವ ಹೋದ. ಆ ಹುಡುಗಿ ನನ್ನ ಬಾಜೂಕ ಬಂದು ಕುಂತ್ಲು, ಬೈಲಿಲ್ಲ. ಬೈದಿದ್ರ ಚಲೋ ಇತ್ತು. "ಇಷ್ಟು ವರ್ಷ ದಿನಾ ಕುಡಿದವರನ್ನು ಹೀಗೆ ಒಂದೇ ಸಲ ಬಿಡಿಸಬಾರದು ಅಮ್ಮ. ದೇಹ ತಡೆಯಲ್ಲ. ಮೊದಲನೇ ದಿನವೇ ಇಲ್ಲಿಗೆ ಕರೆತಂದಿದ್ದರೆ ಮಾತ್ರೆ ಕೊಟ್ಟು ನಿಧಾನವಾಗಿ ಬಿಡಿಸುತ್ತಿದ್ದೆವು. ನಿಮಗೆ ಯಾರೂ ಹೇಳಲಿಲ್ಲವಾ?" ಅಂದ್ಲು. ಹೇಳಿದ್ದ, ಒಬ್ಬ ಓದು ಬರದ ಪೂಜಾರಿ ಹೇಳಿದ್ದ. ಎರಡು ಸಲ ಹೇಳಿದ್ದ. ಅದನ್ನ ಆ ಹುಡುಗಿ ಮುಂದ ಹೆಂಗ ಹೇಳಲಿ? ತಮ್ಮನ ಹೆಂಡತಿ ಹೊರಗ ಗೇಟಿನ ಹತ್ರ ಕುಂತಿದ್ಲು. ಆಕಿಗೆ ನಾ ಬರೇ ಹೋದ ಅಂತ ಹೇಳಿದೆ. ಯಾಕ ಹೋದ ಅನ್ನೂದನ್ನ ಹೇಳಲಿಲ್ಲ.

ಊರಾಗ ಅರ್ಧ ಮಂದಿ ಕುಡದು ಲಿವರ್ ಹೋಗಿತ್ತು ಅಂದ್ರು, ಇನ್ನರ್ಧ ಮಂದಿ ಬೀರಪ್ಪ ಕರಕೊಂಡ ಅಂದ್ರು. ನಾ ಎರಡಕ್ಕೂ ಹೂಂ ಅಂದೆ. ತಮ್ಮನ ಹೆಂಡತಿ ಎರಡನೇದನ್ನ ನಂಬಿದ್ಲು, ಪ್ರತಿ ಅಮಾಸಿಗೆ ಗುಡಿಗೆ ಹೋಗಿ ಎಣ್ಣಿ ಹಾಕತಿದ್ಲು. ನಂಬಿ ನೆಮ್ಮದಿಯಿಂದ ಇದ್ಲು. ಅದೊಂದನ್ನ ಕಾಯಬೇಕು ಅಂತ ನಾ ಬಾಯಿ ಹೊಲಕೊಂಡಿದ್ದೆ.

ಆ ಕರಡು ಏನಾತು ಅಂತ ಕೇಳ್ತೀರೇನು? ಏನೂ ಆಗಲಿಲ್ಲ. ನಿಮ್ಮ ಅರ್ಜಿ ಮುಟ್ಟಿತು ಅಂತ ಒಂದು ಕಾಗದ ಬಂತು, ಅಷ್ಟ. ಪ್ಯಾಕೆಟ್ ಕ್ರಾಸಿನ ಅಂಗಡ್ಯಾಗ ಹಂಗ ಇದ್ವು, ಈಗೂ ಅದಾವ. ನಾ ಸಾಲಿಗೆ ಹೋಗೂವಾಗ ದಿನಾ ನೋಡ್ತೇನಿ. ಈ ವರ್ಷ ಹೊಸಾದೊಂದು ಕರಡು ಬಂತು. ಪ್ಯಾಕೆಟ್ ಬಂದ್, ಅಂಗಡಿ ಸಾಲಿಯಿಂದ, ಗುಡಿಯಿಂದ ಇಷ್ಟು ದೂರ, ತಗಿಯೂ ಹೊತ್ತು ಇಷ್ಟು, ಮುಚ್ಚೂ ಹೊತ್ತು ಇಷ್ಟು. ಬಾಗಲಕೋಟ್ಯಾಗ ಮೀಟಿಂಗ್ ಕರದು ಎಲ್ಲಾರ ಮಾತು ಕೇಳ್ತಾರಂತ ತಿಳೀತು. ಊರ ಹೆಣ್ಣುಮಕ್ಕಳು ಮತ್ತ ಬಂದ್ರು. "ಟೀಚರ್, ನೀವ ಮಾತಾಡಬೇಕು. ತಮ್ಮನ್ನ ಕಳಕೊಂಡವರು, ನೀವು ಹೇಳಿದ್ರ ಅವರ ಮನಸ್ಸಿಗೆ ತಟ್ಟತೈತಿ" ಅಂದ್ರು. ತಮ್ಮನ ಹೆಂಡತಿನೂ ಹೊಸಾ ಸೀರಿ ಉಟಗೊಂಡು ನನ್ನ ಜೋಡಿ ಹೊಂಟ್ಲು.

ಹಾಲ್ ತುಂಬಿತ್ತು. ಒಂದು ಮಗ್ಗಲ ದಾರೂ ಅಂಗಡಿಯವರು, ಹೋಟೆಲಿನವರು. ಇನ್ನೊಂದು ಮಗ್ಗಲ ಹುನಗುಂದ, ಇಳಕಲ್ ಕಡಿಯ ಹೆಣ್ಣುಮಕ್ಕಳು, ನಾವು. ಬಾದಾಮಿಯ ಒಬ್ಬ ಹೋಟೆಲ್ ಮಾಲಕ ಎದ್ದು, ಇಷ್ಟು ಬಿಗಿ ಮಾಡಿದ್ರ ಗುಹೆ ನೋಡಾಕ ಬರೂ ಪ್ರವಾಸಿಗರು ಕಮ್ಮಿ ಆಗತಾರ ಅಂದ. ಇಳಕಲ್ಲಿನ ಒಬ್ಬಾಕಿ ಕುಂತಲ್ಲಿಂದನ, "ಆ ಗುಹೆ ಕೆತ್ತಿದವರು ಬಿಯರ್ ಕುಡದು ಕೆತ್ತಿದ್ರೇನ್ರಿ?" ಅಂದ್ಲು. ಹಾಲ್ ನಕ್ಕಿತು, ವೇದಿಕಿ ಮ್ಯಾಲೆ ಕುಂತಿದ್ದ ಸರಕಾರಿ ಸಾಹೇಬರೂ ನಕ್ರು. ನಾನೂ ನಕ್ಕೆ. ನಗೂದ್ರಾಗ ನನ್ನ ಪಾಳಿ ಬಂತು.

ನಾ ಬರಕೊಂಡು ಹೋಗಿದ್ದು ಬ್ಯಾರೆ ಇತ್ತು. ಕುಡತ ನನ್ನ ಮನಿ ಹಾಳು ಮಾಡ್ತು, ನನ್ನ ತಮ್ಮನ್ನ ತಿಂತು, ಹಿಂಗ. ಚೀಟಿ ಕೈಯಾಗಿತ್ತು. ಓದಾಕ ಬಾಯಿ ತಗದ್ರ ಮತ್ತೊಂದು ಸುಳ್ಳು ಓದಿ ಹೇಳೂದಾತು ಅನಿಸಿತು. ಒಂದು ಓದಿದ್ದಕ್ಕ ಆದದ್ದು ಸಾಲದ? ಚೀಟಿ ಮಡಿಚಿದೆ.

"ನನ್ನ ತಮ್ಮ ಕುಡದು ಸಾಯಲಿಲ್ರಿ" ಅಂದೆ. "ಮೂರು ದಿನ ಕುಡೀಲಿಲ್ಲ, ಸತ್ತ. ನಾನ ಬಿಡಿಸಿದೆ, ಆಣಿ ಮಾಡಿಸಿದೆ, ದವಾಖಾನಿಗೆ ಒಯ್ಯಲಿಲ್ಲ. ಒಮ್ಮೆಲೇ ಬಿಟ್ರ ಜೀವ ಹೋಗತೈತಿ ಅಂತ ಡಾಕ್ಟರ್ ಹೇಳಿದ ಮ್ಯಾಲೆ ತಿಳೀತು. ನೀವು ಪ್ಯಾಕೆಟ್ ಬಂದ್ ಮಾಡ್ರಿ, ನಾ ಬ್ಯಾಡನ್ನೂದಿಲ್ಲ. ಆದ್ರ ಬಂದ್ ಮಾಡಿದ ಮರುದಿನ ಊರೂರಾಗ ಅವನಂಥಾವರು ಏಳತಾರ, ಕೈ ನಡಗತಾವ. ಅವರನ್ನ ಎಲ್ಲಿ ಮಲಗಸತೀರಿ? ಅಂಗಡಿ ಗುಡಿಯಿಂದ ಎಷ್ಟು ದೂರ ಇರಬೇಕು ಅಂತ ನಿಮ್ಮ ಕರಡಿನಾಗ ಐತಿ. ಇವರಿಗೆ ಒಂದು ಹಾಸಿಗಿ ಎಷ್ಟು ಹತ್ರ ಇರಬೇಕು ಅಂತ ಎಲ್ಲೂ ಇಲ್ಲ."

ಚಪ್ಪಾಳಿ ಬಿತ್ತು. ದಾರೂ ಅಂಗಡಿಯವರ ಮಗ್ಗಲಿಂದ ಬಿತ್ತು. ನಾ ಅವರ ಪರ ಮಾತಾಡಿದೆ ಅಂತ ತಿಳಕೊಂಡಿದ್ರು. ನಮ್ಮ ಊರ ಹೆಣ್ಣುಮಕ್ಕಳು ತಲಿ ಬಗ್ಗಿಸಿದ್ರು. ಸಾಹೇಬರು, ಇದನ್ನ ಬರದು ಕೊಡ್ರಿ ಅಂದು ಮುಂದಿನವರನ್ನ ಕರದ್ರು. ತಮ್ಮನ ಹೆಂಡತಿ ಕಡೆ ನೋಡೂ ಧೈರ್ಯ ನನಗ ಆಗಲಿಲ್ಲ.

ಬಸ್ಸಿನಾಗ ಆಕಿ ನನ್ನ ಬಾಜೂಕ ಕುಂತ್ಲು. ಕೆರೂರು ದಾಟಿದ ಮ್ಯಾಲೆ ಕೇಳಿದ್ಲು.

"ಅಕ್ಕಾರ, ಅವತ್ತು ಒಂದು ಕೊಟ್ಟಿದ್ರ ಉಳೀತಿದ್ರೇನ್ರಿ?"

"ಇಲ್ಲ" ಅಂದೆ. ಸಾಲ್ಯಾಗ ಹೇಳೂ ದನಿಯಾಗನ ಹೇಳಿದೆ. "ಅಷ್ಟೊತ್ತಿಗೆ ಮೀರಿತ್ತು. ಅದರಿಂದ ಏನೂ ಆಗತಿದ್ದಿಲ್ಲ."

ಆಕಿ ನನ್ನ ಮಾರೀನ ನೋಡಿದ್ಲು. ಇಷ್ಟು ವರ್ಷದಾಗ ಆಕಿ ನನ್ನ ಕಣ್ಣಾಗ ಕಣ್ಣಿಟ್ಟು ನೋಡಿದ್ದ ಇಲ್ಲ.

"ಮನ್ಯಾಗ ಒಂದು ಪ್ಯಾಕೆಟ್ ಇತ್ರಿ. ಆಣಿ ಮಾಡೂ ಮೊದಲ ತಂದಿದ್ದು, ಜ್ವಾಳದ ಚೀಲದಾಗ ಇಟ್ಟಿದ್ದೆ. ಒಗಿಯಾಕ ಮನಸ್ಸು ಬರಲಿಲ್ಲ. ಅವರು ಹಂಗ ನಡಗೂದು ನೋಡಲಾರದ ಅವತ್ತು ಅದನ್ನ ತಗದು ಸೆರಗಿನಾಗ ಹಿಡಕೊಂಡಿದ್ದೆ. ಅವರು ಕೇಳಿದಾಗ ಅದು ನನ್ನ ಕೈಯಾಗ ಇತ್ರಿ ಅಕ್ಕಾರ. ನಿಮ್ಮ ಕಡೆ ನೋಡಿದೆ. ನೀವು ಬ್ಯಾಡಂದ್ರಿ."

ಮುಂದ ಒಂದು ಸೀಟು ಖಾಲಿ ಆತು. ಆಕಿ ಎದ್ದು ಹೋಗಿ ಅಲ್ಲಿ ಕುಂತ್ಲು. ಕ್ರಾಸಿನಾಗ ನನಗಿಂತ ಮೊದಲ ಇಳದು ನಡಕೋತ ಊರ ಹಾದಿ ಹಿಡದ್ಲು, ಟಂಟಂಗೂ ನಿಲ್ಲಲಿಲ್ಲ. ಆ ವಾರದಾಗ ತವರಿಗೆ ಹೋದ್ಲು.

ಫೋನ್ ಹಚ್ಚಿದ್ರ ಎತ್ತೂದಿಲ್ಲ. ಹೋದ ತಿಂಗಳು ಇಳಕಲ್ಲಿಗೆ ಹೋಗಿ ಅವರ ಬಾಗಲಾಗ ನಿಂತೆ. ಕುಚ್ಚು ಕಟ್ಟಾಕ ಕುಂತಿದ್ಲು, ಒಳಗ ಸೀರಿ ಸೆರಗಿನ ಎಳಿ ಕಾಣತಿದ್ವು, ಆಕಿ ಕೈ ಕಾಣತಿದ್ವು, ಮಾರಿ ಕಾಣಲಿಲ್ಲ. "ಟೀಚರ್ ಬಂದಾರ, ನೀರು ಕೊಡ್ರಿ" ಅಂತ ಯಾರಿಗೋ ಹೇಳಿದ್ಲು. ಅಕ್ಕಾರ ಅನ್ನಲಿಲ್ಲ. ನೀರು ಕುಡದು, ಚರಗಿ ಕಟ್ಟಿಮ್ಯಾಲಿಟ್ಟು ಬಂದೆ.